ಏಳು ಚುಕ್ಕೆಯ ಜಿರಳೆ: ತಪ್ಪು ಗುರುತನ್ನು ಪತ್ತೆಹಚ್ಚಿ ಸರಿಪಡಿಸುವ ಕ್ರಮ

ಕಪ್ಪು ಬಣ್ಣದ, ಹೆಚ್ಚುಕಡಿಮೆ ದುಂಡಗಿನ, ಬೆನ್ನ ಮೇಲೆ ದೊಡ್ಡ ಬಿಳಿ ಚುಕ್ಕೆಗಳಿರುವ ಕೀಟವೊಂದು ತರಗೆಲೆಯ ನಡುವೆ ಕಂಡಾಗ ಅದನ್ನು ಜಿರಳೆಯೆಂದು ಒಪ್ಪಲು ಮನಸ್ಸು ತಕ್ಷಣ ಸಿದ್ಧವಾಗುವುದಿಲ್ಲ. ಆದರೆ ದಕ್ಷಿಣ ಭಾರತದ ಕುರುಚಲು ಕಾಡುಗಳ ನೆಲದಲ್ಲಿ ಬದುಕುವ ಥೆರಿಯಾ ಪೆಟಿವೆರಿಯಾನಾ ಇರುವುದೇ ಹಾಗೆ. ಡಾಮಿನೊ ಜಿರಳೆ, ಏಳು ಚುಕ್ಕೆ ಜಿರಳೆ ಎಂಬ ಹೆಸರುಗಳಲ್ಲಿ ಯುರೋಪ್ ಮತ್ತು ಅಮೆರಿಕದ ಕೀಟ ಸಾಕಣೆ ಹವ್ಯಾಸಿಗಳು ಇದನ್ನು ಬಹುಕಾಲದಿಂದ ಪೆಟ್ಟಿಗೆಗಳಲ್ಲಿ ಸಾಕುತ್ತಿದ್ದಾರೆ. ಈಗ ನಮ್ಮಲ್ಲಿಯೂ ಕೆಲವರು ಈ ಕೀಟದ ಬಗ್ಗೆ ಆಸಕ್ತಿ ತಳೆದು ಚಿತ್ರಗಳನ್ನು ಕಳುಹಿಸಿ ಹೆಸರು ಕೇಳುತ್ತಾರೆ. ಹಾಗೆ ಬಂದ ಚಿತ್ರಗಳನ್ನು ನೋಡುತ್ತ ಬಂದ ನನಗೆ ಒಂದು ವಿಷಯ ಮನದಟ್ಟಾಗಿದೆ. ಗುರುತು ತಪ್ಪುವುದು ಕಣ್ಣು ಸೂಕ್ಷ್ಮವಾಗಿಲ್ಲದ ಕಾರಣಕ್ಕಲ್ಲ, ನೋಡುವ ಕ್ರಮ ತಲೆಕೆಳಗಾಗಿರುವ ಕಾರಣಕ್ಕೆ. ಎಲ್ಲರೂ ಮೊದಲು ಚುಕ್ಕೆಯನ್ನು ನೋಡುತ್ತಾರೆ. ಚುಕ್ಕೆಯನ್ನು ಕೊನೆಗೆ ನೋಡಬೇಕು.

ಈ ಕೈಪಿಡಿಯನ್ನು ದೋಷ ಹುಡುಕುವ ಕ್ರಮದಲ್ಲಿ ಬರೆದಿದ್ದೇನೆ. ಪ್ರತಿ ಹಂತದಲ್ಲಿಯೂ ಒಂದು ಸಂದೇಹ ಕಳೆಯಬೇಕು, ಅದು ಕಳೆಯುವವರೆಗೆ ಮುಂದಿನ ಹಂತಕ್ಕೆ ಹೋಗಬಾರದು.

ಮೊದಲ ಸಂದೇಹ: ಇದು ಜಿರಳೆಯೇ ಅಲ್ಲವೇ?

ಈ ಸಂದೇಹ ಬಂದವರು ಸಂಕೋಚಪಡಬೇಕಾಗಿಲ್ಲ. 1758ರಲ್ಲಿ ಕಾರ್ಲ್ ಲಿನಿಯಸ್ ಈ ಕೀಟಕ್ಕೆ ವೈಜ್ಞಾನಿಕ ಹೆಸರು ಕೊಟ್ಟಾಗ ಇದನ್ನು ಕ್ಯಾಸಿಡಾ ಕುಲಕ್ಕೆ, ಅಂದರೆ ಆಮೆ ದುಂಬಿಗಳ ಗುಂಪಿಗೆ ಸೇರಿಸಿದ. ಜೀವಿಗಳ ವರ್ಗೀಕರಣಕ್ಕೇ ಅಡಿಪಾಯ ಹಾಕಿದ ಕಣ್ಣಿಗೂ ಈ ದುಂಡು ಆಕಾರ ದುಂಬಿಯ ಹಾಗೆ ಕಂಡಿತ್ತು. ಪೆಟಿವೆರಿಯಾನಾ ಎಂಬ ಪದ ಲಂಡನ್ನಿನ ಔಷಧ ವ್ಯಾಪಾರಿ ಜೇಮ್ಸ್ ಪೆಟಿವರ್‌ನ ನೆನಪಿಗಾಗಿ ಬಂದದ್ದು. 1718ರಲ್ಲಿ ತೀರಿಕೊಂಡ ಆತ ಮದರಾಸು ಸೇರಿದಂತೆ ದೂರದ ಊರುಗಳಿಂದ ಗಿಡ, ಕೀಟ, ಚಿಪ್ಪುಗಳ ಮಾದರಿಗಳನ್ನು ತರಿಸಿಕೊಂಡು ಸಂಗ್ರಹಿಸುತ್ತಿದ್ದ. ಥೆರಿಯಾ ಎಂಬ ಕುಲನಾಮ 1820ರದು. ಈಗ ಇದು ಕೋರಿಡಿಡೇ ಕುಟುಂಬದಲ್ಲಿದೆ. ಹಳೆಯ ಬರಹಗಳಲ್ಲಿ ಇದೇ ಕುಟುಂಬವನ್ನು ಪಾಲಿಫ್ಯಾಗಿಡೇ ಎಂದು ಕರೆದಿರುವುದರಿಂದ ಎರಡು ಹೆಸರುಗಳನ್ನು ಕಂಡು ಎರಡು ಬೇರೆ ಕೀಟಗಳೆಂದು ಭ್ರಮಿಸಬಾರದು.

ಪರೀಕ್ಷೆ ಸರಳವಾದದ್ದು. ಕೀಟದ ಬೆನ್ನನ್ನು ನೇರವಾಗಿ ಮೇಲಿನಿಂದ ನೋಡಿ, ಮುಂರೆಕ್ಕೆಗಳು ಕೂಡುವ ಗೆರೆಯನ್ನು ಹುಡುಕಿರಿ. ಗೆರೆ ಬೆನ್ನ ನಡುವೆ ದಾರ ಹಿಡಿದಂತೆ ನೇರವಾಗಿದ್ದು, ಎರಡೂ ರೆಕ್ಕೆಗಳು ಅಂಚಿಗೆ ಅಂಚು ತಾಗಿಸಿ ನಿಂತಿದ್ದರೆ ಅದು ದುಂಬಿ. ಗುಲಗಂಜಿ ಹುಳುವಿನಿಂದ ಆಮೆ ದುಂಬಿಯವರೆಗೆ ಎಲ್ಲದರಲ್ಲೂ ಹೀಗೆಯೇ. ಒಂದು ರೆಕ್ಕೆ ಇನ್ನೊಂದರ ಮೇಲೆ ಹಾದು, ಗೆರೆ ಓರೆಯಾಗಿ ಸಾಗಿದ್ದರೆ ಜಿರಳೆಯ ಕಡೆಗೆ ವಾಲಬಹುದು. ಜಿರಳೆಗಳಲ್ಲಿ ಸಾಮಾನ್ಯವಾಗಿ ಎಡ ರೆಕ್ಕೆ ಬಲ ರೆಕ್ಕೆಯ ಮೇಲಿರುತ್ತದೆ. ಗೆರೆಯೇ ಕಾಣದೆ, ಬೆನ್ನೆಲ್ಲ ಒಂದೇ ಹೊಳೆಯುವ ಚಿಪ್ಪಿನಂತಿದ್ದರೆ ಅದು ಗುರಾಣಿ ತಿಗಣೆಯಾಗಿರುವ ಸಾಧ್ಯತೆಯೇ ಹೆಚ್ಚು. ತಿಗಣೆಯಾದರೆ ಹೊಟ್ಟೆಯ ಕಡೆ ತಿರುಗಿಸಿದಾಗ ರಸ ಹೀರುವ ಸೂಜಿಯಂತಹ ಕೊಂಡಿ ಎದೆಗೆ ಒತ್ತಿಕೊಂಡಿರುವುದು ಕಾಣುತ್ತದೆ. ಜಿರಳೆಗೆ ಕೊಂಡಿಯಿಲ್ಲ, ಅಗಿಯುವ ದವಡೆಗಳಿವೆ.

ರೆಕ್ಕೆಯ ಗೆರೆ ಸ್ಪಷ್ಟವಾಗದಿದ್ದರೆ ಇನ್ನೂ ಮೂರು ಗುರುತುಗಳಿವೆ. ತಲೆ ಮುಂಬೆನ್ನಿನ ಫಲಕದ ಕೆಳಗೆ ಅಡಗಿ, ಮೇಲಿನಿಂದ ನೋಡಿದಾಗ ಹೆಚ್ಚುಕಡಿಮೆ ಕಾಣದಂತಿರುತ್ತದೆ. ಕುಡಿಮೀಸೆಗಳು ಬಹಳ ಸಣ್ಣ ಸಣ್ಣ ಮಣಿಗಳನ್ನು ಪೋಣಿಸಿದ ದಾರದಂತಿರುತ್ತವೆ. ಹೊಟ್ಟೆಯ ತುದಿಯಲ್ಲಿ ಗಾಳಿಯ ಕದಲಿಕೆಯನ್ನು ಗ್ರಹಿಸುವ ಎರಡು ಮೊನಚು ಉಪಾಂಗಗಳಿರುತ್ತವೆ. ಥೆರಿಯಾದಲ್ಲಿ ಮುಂಬೆನ್ನಿನ ಫಲಕದ ಮೇಲೆ ನವಿರಾದ ರೋಮಗಳಿದ್ದು ಮಖಮಲ್ಲಿನ ಹಾಗೆ ಮಬ್ಬಾಗಿ ಕಾಣುವುದನ್ನು ಪಕ್ಕದಿಂದ ಬೆಳಕು ಬಿಟ್ಟು ನೋಡಬೇಕು.

ಎರಡನೆಯ ಸಂದೇಹ: ಆರು ಚುಕ್ಕೆಯ ನೆಲದುಂಬಿಯೊಡನೆ ಗೊಂದಲ

ಇದನ್ನು ಪ್ರತ್ಯೇಕವಾಗಿ ಹೇಳಲು ಕಾರಣವಿದೆ. ಈ ತಪ್ಪಿನಲ್ಲಿ ಕೈಗೂ ಕಣ್ಣಿಗೂ ಅಪಾಯವಿದೆ. ಆಂಥಿಯಾ ಸೆಕ್ಸ್‌ಗುಟ್ಟಾಟಾ ಎಂಬ ದೊಡ್ಡ ನೆಲದುಂಬಿ ಭಾರತದ ಬಯಲುಸೀಮೆಗಳಲ್ಲಿಯೇ ಓಡಾಡುತ್ತದೆ, ಅದೂ ಕಪ್ಪಗಿದೆ, ಅದರ ಮೈಮೇಲೂ ಬಿಳಿ ಚುಕ್ಕೆಗಳಿವೆ. ಅದು ಬೇಟೆಗಾರ. ಕೆಣಕಿದರೆ ಫಾರ್ಮಿಕ್ ಆಮ್ಲವಿರುವ ದ್ರವವನ್ನು ಚಿಮ್ಮಿಸುತ್ತದೆ, ಆ ದ್ರವ ಕಣ್ಣಿಗೆ ಬಿದ್ದರೆ ವಿಪರೀತ ಉರಿಯುತ್ತದೆ. ಏಳು ಚುಕ್ಕೆಯ ಜಿರಳೆ ಈ ದುಂಬಿಯ ವೇಷ ತಳೆದು ಶತ್ರುಗಳಿಂದ ತಪ್ಪಿಸಿಕೊಳ್ಳುತ್ತದೆ ಎಂಬ ವಿವರಣೆಯೂ ಇದೆ. ಹಕ್ಕಿಯನ್ನು ಮೋಸಗೊಳಿಸಬಲ್ಲ ಹೋಲಿಕೆ ನಮ್ಮನ್ನೂ ಮೋಸಗೊಳಿಸಿದರೆ ಆಶ್ಚರ್ಯವಿಲ್ಲ.

ಬಿಡಿಸಿಕೊಳ್ಳುವ ದಾರಿ ಚುಕ್ಕೆಯ ಲೆಕ್ಕದಲ್ಲಿಲ್ಲ, ಚುಕ್ಕೆಯ ಜಾಗದಲ್ಲಿದೆ. ನೆಲದುಂಬಿಯ ಆರು ಚುಕ್ಕೆಗಳಲ್ಲಿ ಎರಡು ಮುಂಬೆನ್ನಿನ ಮೇಲಿವೆ, ಉಳಿದ ನಾಲ್ಕು ರೆಕ್ಕೆಕವಚದ ಮೇಲಿವೆ. ಜಿರಳೆಯ ಮುಂಬೆನ್ನಿನ ಫಲಕ ಚುಕ್ಕೆಯಿಲ್ಲದೆ ಕಪ್ಪಾಗಿರುತ್ತದೆ, ಎಲ್ಲ ಚುಕ್ಕೆಗಳೂ ರೆಕ್ಕೆಯ ಮೇಲಿರುತ್ತವೆ. ಇದರ ಜೊತೆಗೆ ನೆಲದುಂಬಿಗೆ ಕಣ್ಣಿಗೆ ಕಾಣುವ ಸೊಂಟವಿದೆ, ಮುಂದೆ ಚಾಚಿದ ಗಟ್ಟಿ ದವಡೆಗಳಿವೆ, ಗಾತ್ರವೂ ದೊಡ್ಡದು, ಮತ್ತು ಅದು ಹಾರಲಾರದು. ಜಿರಳೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು, ಸೊಂಟವಿಲ್ಲ, ಗಂಡು ಹೆಣ್ಣುಗಳೆರಡಕ್ಕೂ ಪೂರ್ಣ ರೆಕ್ಕೆಗಳಿವೆ. ಈ ಹಂತದ ಪರೀಕ್ಷೆ ಮುಗಿಯುವವರೆಗೆ ಕೀಟವನ್ನು ಬರಿಗೈಯಲ್ಲಿ ಹಿಡಿಯಬಾರದು, ಮುಖವನ್ನು ಹತ್ತಿರ ಒಯ್ಯಬಾರದು. ಪಾರದರ್ಶಕ ಲೋಟವನ್ನು ಮುಚ್ಚಿ ನೋಡಿದರೆ ಸಾಕು.

ಮೂರನೆಯ ಸಂದೇಹ: ಮನೆಯೊಳಗೆ ಸಿಕ್ಕಿದ ಚಿತ್ತಾರದ ಜಿರಳೆ

ಅಡುಗೆಮನೆಯ ಕಪಾಟಿನಲ್ಲೋ ಬಚ್ಚಲಿನ ಮೂಲೆಯಲ್ಲೋ ಸಿಕ್ಕಿದ, ಕಂದು ಮೈಮೇಲೆ ಹಳದಿ ಗೆರೆಗಳ ಚಿತ್ತಾರವಿರುವ ಜಿರಳೆಯನ್ನು ಅಪರೂಪದ ಡಾಮಿನೊ ಎಂದು ಭಾವಿಸಿ ಸಂತೋಷಪಟ್ಟವರುಂಟು. ಅದು ಬಹುಮಟ್ಟಿಗೆ ನಿಯೋಸ್ಟೈಲೊಪೈಗಾ ರಾಂಬಿಫೋಲಿಯಾ ಎಂಬ ಮನೆಯ ಜಿರಳೆ. ನೋಡಲು ಸುಂದರವಾಗಿದೆ, ಹೊರದೇಶದ ಹವ್ಯಾಸಿಗಳು ಅದನ್ನೂ ಸಾಕುತ್ತಾರೆ, ಆದರೆ ಅದು ಮನೆಗಳಲ್ಲಿ ಬದುಕಲು ಒಗ್ಗಿಕೊಂಡ ಪ್ರಭೇದ. ಅದು ಪೂರ್ಣವಾಗಿ ಬೆಳೆದ ಮೇಲೂ ರೆಕ್ಕೆಗಳು ಎದೆಯ ಇಕ್ಕೆಲಗಳಲ್ಲಿ ಕಿರಿದಾದ ಮೊಟಕು ತುಂಡುಗಳಾಗಿಯೇ ಉಳಿಯುತ್ತವೆ ಎಂಬುದು ಖಚಿತ ಗುರುತು. ಚಿತ್ತಾರವಿದ್ದೂ ಬೆನ್ನನ್ನು ಮುಚ್ಚುವ ರೆಕ್ಕೆಯಿಲ್ಲದಿದ್ದರೆ ಥೆರಿಯಾದ ಮಾತನ್ನು ಅಲ್ಲಿಗೇ ಕೈಬಿಡಬಹುದು. ಏಕೆಂದರೆ ಥೆರಿಯಾದ ಮರಿಗಳಿಗೆ ಚುಕ್ಕೆಗಳಿರುವುದಿಲ್ಲ, ಚುಕ್ಕೆ ಬಂದಿದ್ದರೆ ರೆಕ್ಕೆಯೂ ಬಂದಿರಲೇಬೇಕು.

ಸ್ಥಳ ಎಷ್ಟು ದೊಡ್ಡ ಸಾಕ್ಷಿ ಎಂಬುದನ್ನು ಇಲ್ಲಿ ಹೇಳಬೇಕು. ಲೋಕದಲ್ಲಿ ವಿವರಿಸಲಾಗಿರುವ ಜಿರಳೆ ಪ್ರಭೇದಗಳು ನಾಲ್ಕೂವರೆ ಸಾವಿರಕ್ಕೂ ಹೆಚ್ಚು, ಅವುಗಳಲ್ಲಿ ಮನುಷ್ಯರ ಮನೆಗೆ ಒಗ್ಗಿಕೊಂಡವು ಮೂವತ್ತರ ಸುತ್ತಮುತ್ತ ಮಾತ್ರ. ಉಳಿದವೆಲ್ಲ ಕಾಡಿನ ತರಗೆಲೆ, ಕೊಳೆತ ಮರ, ಗುಹೆ, ಮಣ್ಣುಗಳಲ್ಲಿ ಬದುಕುವಂಥವು. ಥೆರಿಯಾ ಆ ಬಹುಸಂಖ್ಯಾತರ ಸಾಲಿನದು. ಅದು ಹಗಲಿನ ಬಿಸಿಯಲ್ಲಿ ಸಡಿಲ ಮಣ್ಣಿನಲ್ಲೋ ತರಗೆಲೆಯ ಅಡಿಯಲ್ಲೋ ಅಡಗಿ, ಮುಂಜಾನೆ ಮತ್ತು ಮುಸ್ಸಂಜೆಗಳಲ್ಲಿ ಹೊರಬರುತ್ತದೆ. ಮನೆಯ ಗೋಡೆಯ ಮೇಲೆ ಅದು ಕಂಡರೆ ದಾರಿ ತಪ್ಪಿ ಬಂದಿದೆ ಎಂದೇ ಅರ್ಥ. ಅದನ್ನು ಔಷಧ ಹೊಡೆದು ಕೊಲ್ಲದೆ ತರಗೆಲೆಯಿರುವ ಜಾಗಕ್ಕೆ ಬಿಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ನಾಲ್ಕನೆಯ ಸಂದೇಹ: ಮಣ್ಣಿನಲ್ಲಿ ಸಿಕ್ಕಿದ ಕಂದು ಮರಿ

ಹೂಕುಂಡದ ಮಣ್ಣು ಬದಲಾಯಿಸುವಾಗ ರೆಕ್ಕೆಯಿಲ್ಲದ, ಕಂದು ಬಣ್ಣದ, ಗುಂಡಗಿನ ಮರಿಗಳು ಸಿಗುತ್ತವೆ. ಥೆರಿಯಾದ ಮರಿಯೂ ಕಂದೇ, ಗುಂಡಗೇ, ಮಣ್ಣೊಳಗೇ ಇರುತ್ತದೆ. ಅದರ ಮೈ ಮಬ್ಬಾಗಿದ್ದು ರೋಮಗಳಿಗೆ ಮಣ್ಣಿನ ಕಣಗಳು ಅಂಟಿಕೊಂಡಿರುತ್ತವೆ. ಆದರೆ ಕುಂಡಗಳಲ್ಲಿ ಸಿಗುವ ಮರಿಗಳಲ್ಲಿ ಹೆಚ್ಚಿನವು ಪಿಕ್ನೊಸೆಲಸ್ ಕುಲದವು. ಗೊಬ್ಬರದ ಗುಂಡಿ, ಹಸಿರುಮನೆ, ಹೂಕುಂಡ ಇವೆಲ್ಲ ಅವಕ್ಕೆ ಮೆಚ್ಚಿನ ನೆಲೆ. ಆ ಕುಲದ ಸುರಿನಾಮ್ ಜಿರಳೆ ಗಂಡಿನ ನೆರವಿಲ್ಲದೆಯೇ ಸಂತಾನ ಪಡೆಯಬಲ್ಲದಾದ್ದರಿಂದ ಒಂದೇ ಹೆಣ್ಣು ಕುಂಡ ಸೇರಿದರೂ ಸಾಕು.

ಬೇರ್ಪಡಿಸುವ ಗುರುತು ಹೊಳಪಿನಲ್ಲಿದೆ. ಪಿಕ್ನೊಸೆಲಸ್ ಮರಿಯ ಮೈಯ ಮುಂಭಾಗ ಎಣ್ಣೆ ಹಚ್ಚಿದಂತೆ ಮಿರುಗುತ್ತದೆ, ಹೊಟ್ಟೆಯ ಹಿಂಭಾಗದ ಖಂಡಗಳು ಒರಟಾಗಿ ಮಬ್ಬಾಗಿರುತ್ತವೆ. ಒಂದೇ ಮೈಯಲ್ಲಿ ಈ ಎರಡು ಬಗೆಯ ಮೇಲ್ಮೈ ಸ್ಪಷ್ಟ ಗಡಿಯೊಡನೆ ಕಂಡರೆ ಉತ್ತರ ಸಿಕ್ಕಿತೆಂದೇ ತಿಳಿಯಬೇಕು. ಇಡೀ ಮೈ ಒಂದೇ ಬಗೆಯಲ್ಲಿ ಮಬ್ಬಾಗಿದ್ದು ರೋಮವಿದ್ದರೆ ಕೋರಿಡಿಡೇ ಕುಟುಂಬದ ಕಡೆಗೆ ನೋಡಬಹುದು. ಅಲ್ಲಿಗೆ ನಿಲ್ಲಿಸಬೇಕು. ಆ ಕುಟುಂಬದ ಪಾಲಿಫ್ಯಾಗಾದಂತಹ ಕುಲಗಳಲ್ಲಿ ಹೆಣ್ಣು ಪೂರ್ಣ ಬೆಳೆದ ಮೇಲೂ ರೆಕ್ಕೆಯಿಲ್ಲದೆ ಇರುವುದರಿಂದ ಕೈಯಲ್ಲಿರುವುದು ಮರಿಯೋ ಬೆಳೆದ ಹೆಣ್ಣೋ ಎಂಬುದೂ ಬರಿಗಣ್ಣಿಗೆ ತೀರ್ಮಾನವಾಗದು. ಸಾಕಿ ನೋಡುವುದೊಂದೇ ದಾರಿ. ಪೊರೆ ಕಳಚಿದರೆ ಅದು ಮರಿ, ಮೊಟ್ಟೆಗೂಡು ಇಟ್ಟರೆ ಬೆಳೆದ ಹೆಣ್ಣು. ಮರಿಯನ್ನು ನೋಡಿ ಥೆರಿಯಾದ ಪ್ರಭೇದದ ಹೆಸರನ್ನು ಬರೆದ ಯಾವ ಚೀಟಿಯನ್ನೂ ನಾನು ಒಪ್ಪುವುದಿಲ್ಲ.

ಐದನೆಯ ಸಂದೇಹ: ಥೆರಿಯಾ ನಿಜ, ಪ್ರಭೇದ ಯಾವುದು?

ಇಲ್ಲಿಯವರೆಗೆ ಬಂದವರು ಮಾತ್ರ ಈಗ ಚುಕ್ಕೆಗಳನ್ನು ನೋಡಲು ಆರಂಭಿಸಬಹುದು. ನಿಜವಾದ ಕಷ್ಟ ಇರುವುದು ಇಲ್ಲಿಯೇ. ಹವ್ಯಾಸಿಗಳ ನಡುವೆ ಓಡಾಡುವ ಥೆರಿಯಾ ಒಂದೇ ಪ್ರಭೇದವಲ್ಲ. ಪೆಟಿವೆರಿಯಾನಾದ ಜೊತೆಗೆ 1993ರಲ್ಲಿ ಗ್ರಾಂಕೋಲಾ ವಿವರಿಸಿದ ಥೆರಿಯಾ ರೆಗ್ಯುಲಾರಿಸ್ ಇದೆ, ಇದನ್ನು ಹವ್ಯಾಸಿಗಳು ಕಿತ್ತಳೆ ಡಾಮಿನೊ ಎನ್ನುತ್ತಾರೆ. 2008ರಲ್ಲಿ ಫ್ರಿಟ್ಶೆ ಮತ್ತು ಜೊಂಪ್ರೊ ವಿವರಿಸಿದ ಥೆರಿಯಾ ಒಲೆಗ್ರಾಂಜೇನಿ ಇದೆ, ಅದರ ರೆಕ್ಕೆಯ ಮೇಲಿನ ಬಾಗಿದ ಪಟ್ಟಿ ಮತ್ತು ಬಿಡಿ ಚುಕ್ಕೆ ಸೇರಿ ಪ್ರಶ್ನಾರ್ಥಕ ಚಿಹ್ನೆಯಂತೆ ಕಾಣುವುದರಿಂದ ಅದಕ್ಕೆ ಪ್ರಶ್ನಾರ್ಥಕ ಜಿರಳೆ ಎಂಬ ಹೆಸರು ಬಂದಿದೆ. ಈ ಕೊನೆಯದನ್ನು ಗುರುತಿಸುವುದು ಸುಲಭ. ಚುಕ್ಕೆಗಳು ಬಿಡಿಬಿಡಿಯಾಗಿ ದುಂಡಗಿರದೆ ಕೊಕ್ಕೆಯಂತೆ ಬಾಗಿದ್ದರೆ ಪೆಟಿವೆರಿಯಾನಾ ಅಲ್ಲ. ಬಿಡಿ ಚುಕ್ಕೆಗಳಿರುವ ಉಳಿದವುಗಳಲ್ಲಿಯೇ ತಪ್ಪುಗಳು ತುಂಬಿಕೊಂಡಿವೆ.

ಲೆಕ್ಕದ ತಪ್ಪು ಮೊದಲನೆಯದು. ಏಳು ಬೆಸ ಸಂಖ್ಯೆ, ಎಡಬಲಗಳಿಗೆ ಸಮವಾಗಿ ಹಂಚಿಕೆಯಾಗದು. ಮೇಲಿರುವ ಎಡ ರೆಕ್ಕೆ ಪೂರ್ತಿ ಕಾಣುವುದರಿಂದ ಅದರ ಮೇಲೆ ನಾಲ್ಕು, ಕೆಳಗೆ ಸರಿದ ಬಲ ರೆಕ್ಕೆಯ ಮೇಲೆ ಮೂರು ಎಂದು ಲೆಕ್ಕ ಕೂಡುತ್ತದೆ. ಕೀಟ ರೆಕ್ಕೆಯನ್ನು ತುಸು ಅಗಲಿಸಿದ್ದಾಗ, ಹಾರಲು ಸಿದ್ಧವಾದಾಗ, ಇಲ್ಲವೇ ಓರೆಯಾಗಿ ತೆಗೆದ ಚಿತ್ರದಲ್ಲಿ ಈ ಲೆಕ್ಕ ಆರಾಗುತ್ತದೆ, ಎಂಟೂ ಆಗುತ್ತದೆ. ರೆಕ್ಕೆ ಮುಚ್ಚಿ ಕುಳಿತಿರುವಾಗ ನೇರ ಮೇಲಿನಿಂದ ತೆಗೆದ ಚಿತ್ರವನ್ನು ಬಿಟ್ಟು ಬೇರೆ ಯಾವುದರಲ್ಲಿಯೂ ಚುಕ್ಕೆ ಎಣಿಸಬಾರದು. ಎಣಿಸಿದ ಮೇಲೂ ಒಂದು ಕೀಟದ ಲೆಕ್ಕವನ್ನು ನಂಬದೆ, ಅದೇ ಗುಂಪಿನ ನಾಲ್ಕಾರು ಬೆಳೆದ ಕೀಟಗಳಲ್ಲಿ ಎಣಿಸಿ ನೋಡಬೇಕು.

ಬಣ್ಣದ ತಪ್ಪು ಎರಡನೆಯದು, ಇದರಲ್ಲಿ ನಾನೇ ಬಿದ್ದಿದ್ದೇನೆ. ರಾತ್ರಿ ಹಳದಿ ದೀಪದ ಕೆಳಗೆ ಪರಿಚಿತರೊಬ್ಬರು ತೆಗೆದು ಕಳುಹಿಸಿದ ಚಿತ್ರದಲ್ಲಿ ಚುಕ್ಕೆಗಳು ಕಿತ್ತಳೆಯಾಗಿ ಕಂಡಿದ್ದನ್ನು ನೋಡಿ ರೆಗ್ಯುಲಾರಿಸ್ ಇರಬಹುದೆಂದು ತಿಳಿಸಿಬಿಟ್ಟೆ. ಮರುದಿನ ಬೆಳಗಿನ ಬೆಳಕಿನಲ್ಲಿ ಅದೇ ಕೀಟದ ಚಿತ್ರ ಬಂದಾಗ ಚುಕ್ಕೆಗಳು ಕೆನೆಬಿಳಿಯಾಗಿದ್ದವು. ಅಂದಿನಿಂದ ನಾನು ಚಿತ್ರ ಕೇಳುವಾಗ ಎರಡು ಷರತ್ತು ಹಾಕುತ್ತೇನೆ: ಕೀಟದ ಪಕ್ಕದಲ್ಲಿ ಬಿಳಿ ಕಾಗದದ ತುಂಡೊಂದು ಇರಬೇಕು, ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿ ಇರಬೇಕು. ಚಿತ್ರದಲ್ಲಿ ಕಾಗದವೂ ಹಳದಿಯಾಗಿ ಕಂಡರೆ ಚುಕ್ಕೆಯ ಹಳದಿಗೆ ಅರ್ಥವಿಲ್ಲ. ಬೆಳಕನ್ನು ಬಿಟ್ಟು ಬಣ್ಣ ಕೆಡಿಸುವ ಇನ್ನೊಂದು ಕಾರಣವೂ ಇದೆ. ಈಗಷ್ಟೇ ಕೊನೆಯ ಪೊರೆ ಕಳಚಿದ ಕೀಟ ಮೊದಲ ಕೆಲವು ಗಂಟೆ ಪೇಲವವಾಗಿ, ಮೆದುವಾಗಿ ಇರುತ್ತದೆ, ಕಪ್ಪು ಏರಿದ ಮೇಲೆಯೇ ಚುಕ್ಕೆಯ ಅಂಚು ಸ್ಪಷ್ಟವಾಗುತ್ತದೆ. ಪೊರೆ ಕಳಚಿ ಒಂದು ದಿನ ತುಂಬುವವರೆಗೆ ಬಣ್ಣದ ಮಾತೇ ಬೇಡ. ಸತ್ತು ಬಹುಕಾಲವಾದ ಮಾದರಿಯ ಬಣ್ಣವನ್ನೂ ಹಾಗೆಯೇ ಅನುಮಾನದಿಂದ ನೋಡಬೇಕು.

ಆರನೆಯ ಸಂದೇಹ: ಒಂದೇ ಪೆಟ್ಟಿಗೆಯಲ್ಲಿ ಎರಡು ಬಗೆ

ಒಂದೇ ಹೆಸರಿನಲ್ಲಿ ಪಡೆದ ಮರಿಗಳು ಬೆಳೆದು ದೊಡ್ಡವಾದಾಗ ಕೆಲವದರ ಚುಕ್ಕೆ ಬಿಳಿ, ಕೆಲವದರದು ಗಾಢ ಹಳದಿ, ಆಕಾರವೂ ಬೇರೆ ಎಂಬ ದೂರು ಸಾಕಣೆದಾರರಲ್ಲಿ ಕೇಳಿಬರುತ್ತದೆ. ಇಲ್ಲಿ ದೋಷದ ಮೂಲ ಈಗಿನದಲ್ಲ, ತಿಂಗಳುಗಳ ಹಿಂದಿನದು. ಥೆರಿಯಾದ ಹೆಣ್ಣು ಗಟ್ಟಿ ಮೊಟ್ಟೆಗೂಡುಗಳನ್ನು ಮಣ್ಣಿನಲ್ಲಿ ಒಂದೊಂದಾಗಿ ಬಿಟ್ಟುಹೋಗುತ್ತದೆ. ಅವು ಒಡೆಯಲು ತಿಂಗಳುಗಳೇ ಬೇಕು, ಮರಿ ಬೆಳೆಯಲು ಇನ್ನೂ ಅನೇಕ ತಿಂಗಳು ಬೇಕು, ಬೆಳೆದ ಕೀಟ ಮಾತ್ರ ಕೆಲವೇ ತಿಂಗಳು ಬದುಕುತ್ತದೆ. ಎರಡು ಪೆಟ್ಟಿಗೆಗಳ ಮಣ್ಣನ್ನು ಒಂದೇ ಜರಡಿಯಲ್ಲಿ ಸೋಸಿದ್ದರೆ, ಒಂದರ ಹಳೆಯ ಮಣ್ಣನ್ನು ಇನ್ನೊಂದಕ್ಕೆ ಹಾಕಿದ್ದರೆ, ಮಣ್ಣಿನ ಉಂಡೆಯಂತೆಯೇ ಕಾಣುವ ಮೊಟ್ಟೆಗೂಡು ಅದರೊಡನೆ ಸಾಗಿಬಂದಿರುತ್ತದೆ. ಚುಕ್ಕೆಯಿಲ್ಲದ ಮರಿಗಳ ನಡುವೆ ಆ ಬೆರಕೆ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ.

ಪತ್ತೆಹಚ್ಚುವ ಕ್ರಮ ನಿಧಾನದ್ದು, ಆದರೆ ಬೇರೆ ದಾರಿಯಿಲ್ಲ. ಸಂಶಯ ಬಂದ ದಿನವೇ ಬೆಳೆದ ಕೀಟಗಳನ್ನು ನೋಟಕ್ಕೆ ತಕ್ಕಂತೆ ಬೇರೆ ಬೇರೆ ಪೆಟ್ಟಿಗೆಗಳಿಗೆ ಸೇರಿಸಿ, ಪ್ರತಿಯೊಂದಕ್ಕೂ ಹೊಸ ಮಣ್ಣು ಮತ್ತು ಕೀಟನಾಶಕ ತಾಗದ ಒಣ ತರಗೆಲೆ ಹಾಕಿರಿ. ಬಳಿಕ ಒಂದು ಹೆಣ್ಣಿಗೆ ಒಂದು ಪೆಟ್ಟಿಗೆ ಎಂಬಂತೆ ಕೆಲವನ್ನು ಪ್ರತ್ಯೇಕಿಸಿ, ಆ ಹೆಣ್ಣು ಇಟ್ಟ ಮೊಟ್ಟೆಗೂಡುಗಳ ಮರಿಗಳನ್ನು ಬೆರಕೆಯಾಗದಂತೆ ಕೊನೆಯವರೆಗೆ ಬೆಳೆಸಿರಿ. ಒಂದೇ ತಾಯಿಯ ಮಕ್ಕಳೆಲ್ಲ ತಾಯಿಯನ್ನು ಹೋಲಿದರೆ ಮೂಲ ಪೆಟ್ಟಿಗೆಯಲ್ಲಿ ಎರಡು ಪ್ರಭೇದಗಳಿದ್ದವು ಎಂಬ ಅನುಮಾನ ಬಲಗೊಳ್ಳುತ್ತದೆ. ಒಂದೇ ತಾಯಿಯ ಮಕ್ಕಳಲ್ಲಿಯೇ ಆ ಎಲ್ಲ ವ್ಯತ್ಯಾಸಗಳೂ ಮರುಕಳಿಸಿದರೆ ಅದು ಒಂದೇ ಪ್ರಭೇದದ ಒಳಗಿನ ವೈವಿಧ್ಯವಿರಬಹುದು, ಇಲ್ಲವೇ ಆ ಹೆಣ್ಣು ಬೇರ್ಪಡುವ ಮೊದಲೇ ಬೇರೆ ಬಗೆಯ ಗಂಡಿನೊಡನೆ ಕೂಡಿರಬಹುದು. ಈ ಎರಡನೆಯ ಸಾಧ್ಯತೆಯನ್ನು ಅಲ್ಲಗಳೆಯಬೇಕಾದರೆ ಪೊರೆ ಕಳಚಿದ ದಿನವೇ ಪ್ರತ್ಯೇಕಿಸಿದ ಹೆಣ್ಣಿಗೆ ತನ್ನಂತೆಯೇ ಕಾಣುವ ಗಂಡನ್ನು ಜೊತೆಗೂಡಿಸಿ ಮತ್ತೆ ಆರಂಭಿಸಬೇಕು. ಇದಕ್ಕೆ ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಆತುರಪಟ್ಟು ಮಣ್ಣನ್ನು ಪದೇಪದೇ ಕೆದಕಿದರೆ ಪೊರೆ ಕಳಚುತ್ತಿರುವ ಮರಿಗಳು ಗಾಯಗೊಂಡು ಸಾಯುತ್ತವೆ.

ಮೂಲದ ಊರು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಹೊರದೇಶಗಳಲ್ಲಿ ಕೈಯಿಂದ ಕೈಗೆ ದಾಟಿದ ಥೆರಿಯಾ ಗುಂಪುಗಳಲ್ಲಿ ಬಹುಪಾಲಿನವಕ್ಕೆ ಭಾರತದ ಯಾವ ಜಿಲ್ಲೆಯಿಂದ ಹೋದವು ಎಂಬ ದಾಖಲೆ ಅಂಟಿಕೊಂಡಿಲ್ಲ. ಅಲ್ಲಿನ ಸಾಕಣೆದಾರ ಏನು ಮಾಡಿದರೂ ಕಳೆದುಹೋದ ಆ ಮಾಹಿತಿ ಮರಳಿ ಬಾರದು. ನಮಗೆ ಆ ಅನುಕೂಲ ಇದೆ, ಅದನ್ನು ಕಳೆದುಕೊಳ್ಳಬಾರದು. ಕೀಟ ಸಿಕ್ಕ ಊರು, ದಿನಾಂಕ, ಹೊತ್ತು, ಮಣ್ಣಿನ ಬಗೆ, ಸುತ್ತಲಿನ ಗಿಡಮರ, ಮಳೆ ಬಂದು ಎಷ್ಟು ದಿನವಾಗಿತ್ತು ಎಂಬುದನ್ನೆಲ್ಲ ಅಲ್ಲಿಯೇ ನಿಂತು ಬರೆದುಕೊಳ್ಳಬೇಕು. ಸಂರಕ್ಷಿತ ಅರಣ್ಯದಿಂದ ಅನುಮತಿಯಿಲ್ಲದೆ ಯಾವ ಜೀವಿಯನ್ನೂ ತರಬಾರದು, ಮತ್ತು 2002ರ ಜೈವಿಕ ವೈವಿಧ್ಯ ಕಾಯ್ದೆ ನಮ್ಮ ಜೀವಸಂಪತ್ತನ್ನು ಹೊರದೇಶದವರು ಪಡೆಯುವುದರ ಮೇಲೆ ನಿಯಂತ್ರಣ ಇಟ್ಟಿರುವುದರಿಂದ, ಅಲ್ಲಿನ ಹವ್ಯಾಸಿ ಸ್ನೇಹಿತರು ಕೇಳಿದರೆಂದು ಮೊಟ್ಟೆಗೂಡುಗಳನ್ನು ಅಂಚೆಯಲ್ಲಿ ಕಳುಹಿಸಲೂಬಾರದು. ಚಿತ್ರ ಮತ್ತು ಟಿಪ್ಪಣಿಯನ್ನು ಕಳುಹಿಸಿದರೆ ಗುರುತಿಸಲು ಅವೇ ಹೆಚ್ಚು ನೆರವಾಗುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ತೀರ್ಮಾನ ಸಿಗದಿದ್ದರೆ ಚೀಟಿಯ ಮೇಲೆ ಕುಲದ ಹೆಸರನ್ನಷ್ಟೇ ಬರೆದು, ಪ್ರಭೇದ ನಿಶ್ಚಯವಾಗಿಲ್ಲ ಎಂದು ಸೇರಿಸಿ, ಪಕ್ಕದಲ್ಲಿ ಸಿಕ್ಕ ಊರನ್ನೂ ದಿನಾಂಕವನ್ನೂ ನಮೂದಿಸಿರಿ. ಆಯುಸ್ಸು ತೀರಿ ತಾನಾಗಿ ಸತ್ತ ಗಂಡು ಕೀಟವೊಂದನ್ನು ಎಸೆಯದೆ ಆಲ್ಕೋಹಾಲ್ ತುಂಬಿದ ಸಣ್ಣ ಶೀಶೆಯಲ್ಲಿ ಹಾಕಿ, ಅದೇ ಚೀಟಿಯ ಪ್ರತಿಯನ್ನು ಪೆನ್ಸಿಲಿನಲ್ಲಿ ಬರೆದು ಶೀಶೆಯ ಒಳಗೇ ಇಡಿರಿ. ಶಾಯಿಯಾದರೆ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಜಿರಳೆಗಳ ಪ್ರಭೇದವನ್ನು ಅಂತಿಮವಾಗಿ ನಿರ್ಧರಿಸುವ ತಜ್ಞರು ಗಂಡಿನ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಅವರ ಕೈಗೆ ಈ ಶೀಶೆ ತಲುಪಿದ ದಿನ ಒಳಗಿನ ಚೀಟಿಯೂ ಓದುವಂತಿರಬೇಕು.